ಟೊರೊಂಟೊ ಪಕ್ಕದ ಘಟ್ಟ

ಅಕ್ಟೋಬರ್ ತಿಂಗಳ ಶನಿವಾರ, ಬೆಳಿಗ್ಗೆ ಏಳೂವರೆ. ರಿಚ್ಮಂಡ್ ಹಿಲ್‌ನ ಒಂದು ಅಡ್ಡರಸ್ತೆಯಲ್ಲಿ ಡಿಕ್ಕಿ ತೆರೆದ ವ್ಯಾನು ನಿಂತಿದೆ. ಒಳಗೆ ಚಿತ್ರಾನ್ನದ ಸ್ಟೀಲ್ ಡಬ್ಬಿ, ಕಾಫಿ ಫ್ಲಾಸ್ಕು, ಮಕ್ಕಳ ಮಳೆ ಕೋಟು, ಒಂದು ಚೀಲ ಕಿತ್ತಳೆ. ಹುಲ್ಲಿನ ಮೇಲೆ ಮೊದಲ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿದೆ. ಮಕ್ಕಳು ಅರ್ಧ ನಿದ್ದೆಯಲ್ಲಿ ಸೀಟ್ ಬೆಲ್ಟ್ ಹುಡುಕುತ್ತಿದ್ದಾರೆ. ತೀರ್ಥಹಳ್ಳಿ ಕಡೆಯಿಂದ ಮೂರು ತಿಂಗಳಿಗೆಂದು ಬಂದ ಅಜ್ಜ ಮಂಕಿ ಕ್ಯಾಪು ಹಾಕಿಕೊಂಡು ಎಲ್ಲರಿಗಿಂತ ಮೊದಲು ತಯಾರು.

"ಎಲ್ಲಿಗೆ ಹೊರಟಿದ್ದು?"

"ಬೆಟ್ಟ ಹತ್ತೋಕೆ, ಅಪ್ಪ."

ಅಜ್ಜ ನಾಲ್ಕೂ ದಿಕ್ಕು ನೋಡುತ್ತಾರೆ. ಮನೆಗಳ ಮಾಡು, ವಿದ್ಯುತ್ ಕಂಬ, ಬಣ್ಣ ತಿರುಗಿದ ಮೇಪಲ್ ಮರಗಳು, ಅದರಾಚೆ ಬರೀ ಆಕಾಶ. "ಇಲ್ಲಿ ಬೆಟ್ಟ ಎಲ್ಲುಂಟು ಮಾರಾಯ?"

ಶರತ್ಕಾಲದ ವಾರಾಂತ್ಯಗಳಲ್ಲಿ ಟೊರೊಂಟೊ ಸುತ್ತಲಿನ ಎಷ್ಟೋ ಕನ್ನಡದ ಮನೆಗಳಲ್ಲಿ ಈ ಮಾತು ಬರುತ್ತದೆ. ಸಾವನದುರ್ಗ, ಕೊಡಚಾದ್ರಿ, ಕುಮಾರ ಪರ್ವತ ಹತ್ತಿ ಬಂದವರಿಗೆ ಇಲ್ಲಿನ 'ಹೈಕಿಂಗ್' ಎಂಬುದು ಮೊದಮೊದಲು ತಮಾಷೆಯೇ. ಕೆನಡಾದ ಬೆಟ್ಟವೆಂದರೆ ಕ್ಯಾಲೆಂಡರಿನಲ್ಲಿ ಕಾಣುವ ಹಿಮಾಚ್ಛಾದಿತ ರಾಕಿ ಪರ್ವತ. ಅದಕ್ಕೆ ಇಲ್ಲಿಂದ ರಸ್ತೆಯಲ್ಲಿ ಹೋಗುವುದಾದರೆ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು. ಆದರೂ ಒಂದು ಗಂಟೆ ಕಾರು ಓಡಿಸಿದರೆ ಬಂಡೆಯ ನೆತ್ತಿ ಸಿಗುತ್ತದೆ, ಕಾಲ ಕೆಳಗೆ ಕಣಿವೆ ಬಿಚ್ಚಿಕೊಳ್ಳುತ್ತದೆ. ಅದು ಎಂಥ ಬೆಟ್ಟ ಎಂಬುದನ್ನು ಹೇಳಲು ಇಂಗ್ಲಿಷಿನವರು ತಿಣುಕುತ್ತಾರೆ. ನಮಗೆ ಆ ಕಷ್ಟವಿಲ್ಲ, ನಮ್ಮ ಮಾತಿನಲ್ಲಿ ಅದಕ್ಕೆ ಹಳೆಯ ಪದವೇ ಇದೆ.

ಹೆಸರಿಗೊಂದು ಹಿಲ್

ಮೊದಲು ಮನೆಯಂಗಳದ ವಿಚಾರ. ರಿಚ್ಮಂಡ್ ಹಿಲ್‌ನ ಹೆಸರಲ್ಲೇ 'ಹಿಲ್' ಇದೆಯಲ್ಲ, ಅದೆಲ್ಲಿ? ಯಂಗ್ ಸ್ಟ್ರೀಟಿನಲ್ಲಿ ದಕ್ಷಿಣದಿಂದ ಬಂದರೆ ಹಳೇ ಪೇಟೆ ಹತ್ತಿರವಾಗುತ್ತಿದ್ದಂತೆ ರಸ್ತೆ ನಿಧಾನಕ್ಕೆ ಏರುತ್ತದೆ. ಸೈಕಲ್ಲಿನವರಿಗೆ ಗೊತ್ತಾಗುತ್ತದೆ, ಕಾರಿನವರಿಗೆ ಇಲ್ಲ. ಹಿಂದೆ ಇದನ್ನು ಮೈಲ್ಸ್ ಹಿಲ್ ಎನ್ನುತ್ತಿದ್ದರು. 1819ರಲ್ಲಿ ಆಗಿನ ಗವರ್ನರ್ ಜನರಲ್ ಆಗಿದ್ದ ರಿಚ್ಮಂಡ್ ಡ್ಯೂಕ್ ಈ ದಾರಿಯಲ್ಲಿ ಹಾದುಹೋದದ್ದರಿಂದ ಹೊಸ ಹೆಸರು ಬಂತೆಂಬ ಪ್ರತೀತಿ. ಪಾಪ, ಅದೇ ವರ್ಷ ಆಗಸ್ಟಿನಲ್ಲಿ ಆತ ರೇಬೀಸ್‌ನಿಂದ ಸತ್ತ. ಊರಿನ ಮತ್ತೊಂದು ದಿಬ್ಬದ ಮೇಲೆ 1935ರಲ್ಲಿ ಡೇವಿಡ್ ಡನ್ಲಪ್ ವೀಕ್ಷಣಾಲಯ ಶುರುವಾಯಿತು. ಅದರ 74 ಅಂಗುಲದ ದೂರದರ್ಶಕ ಆಗ ಜಗತ್ತಿನಲ್ಲೇ ಎರಡನೇ ದೊಡ್ಡದು. ಬೇವ್ಯೂ ರಸ್ತೆಯ ಗಣೇಶ ದೇವಸ್ಥಾನಕ್ಕೆ ಹೋಗುವವರು ದಿನಾ ಹತ್ತಿ ಇಳಿಯುವ ಏರುತಗ್ಗುಗಳೂ ಇದೇ ನೆಲದವು.

ಊರಿನ ಉತ್ತರ ಭಾಗ ಓಕ್ ರಿಜಸ್ ಮೊರೇನ್ ಎಂಬ ದಿಬ್ಬಸಾಲಿನ ಮೇಲೆ ಕೂತಿದೆ. ಪಶ್ಚಿಮಕ್ಕೆ ಕ್ಯಾಲಿಡನ್‌ನಿಂದ ಪೂರ್ವಕ್ಕೆ ಸುಮಾರು 160 ಕಿಲೋಮೀಟರ್ ಚಾಚಿರುವ ಇದರಲ್ಲಿ ಬಂಡೆ ಹುಡುಕಿದರೆ ಸಿಗದು. ಹಿಮಯುಗದ ಕೊನೆಯಲ್ಲಿ ಎರಡು ಹಿಮಗಡ್ಡೆಗಳು ಕರಗುತ್ತ ಹಿಂದೆ ಸರಿದಾಗ ನಡುವಿನ ಸಂದಿಯಲ್ಲಿ ಸುರಿದು ಹೋದ ಮರಳು, ಜಲ್ಲಿಯ ರಾಶಿ ಇದು. ಮಳೆನೀರನ್ನು ಸ್ಪಂಜಿನಂತೆ ಹೀರಿಕೊಂಡು ಹಂಬರ್, ಡಾನ್, ರೂಜ್ ನದಿಗಳಿಗೆ ನಿಧಾನವಾಗಿ ಬಿಡುತ್ತದೆ. ವಿಲ್ಕಾಕ್ಸ್ ಕೆರೆಯೂ ಮಣ್ಣಲ್ಲಿ ಹೂತುಹೋಗಿದ್ದ ಹಿಮದ ಮುದ್ದೆ ಕರಗಿ ಆದ ಗುಂಡಿಯೇ. ತೊಂಬತ್ತರ ದಶಕದ ಕೊನೆಗೆ ಇಲ್ಲಿ ಮನೆ ಕಟ್ಟುವವರಿಗೂ ಊರವರಿಗೂ ನಡೆದ ಜಗಳ ಪ್ರಾಂತ್ಯದ ತನಕ ಹೋಗಿ, 2001ರಲ್ಲಿ ಮೊರೇನ್ ಉಳಿಸುವ ಕಾಯ್ದೆ ಬಂತು. ಬೆಳಗಿನ ವಾಕಿಂಗಿಗೆ ಇದು ಸಾಕು. ಬಂಡೆಯ ನೆತ್ತಿ ಬೇಕಾದರೆ ಮೊರೇನ್ ಪಶ್ಚಿಮದಲ್ಲಿ ಎಲ್ಲಿ ಹೋಗಿ ತಾಕುತ್ತದೋ ಆ ಗೋಡೆಗೆ ಹೋಗಬೇಕು.

ಹತ್ತದೆ ಸಿಕ್ಕ ನೆತ್ತಿ

ಟೋಲ್ ಕೊಡುವ ಮನಸ್ಸಿದ್ದರೆ 407, ಇಲ್ಲದಿದ್ದರೆ 401. ಮಿಲ್ಟನ್ ಹತ್ತಿರವಾಗುವ ಹೊತ್ತಿಗೆ ಎದುರಿಗೆ ಒಂದು ಉದ್ದನೆಯ ಕಪ್ಪು ಗೆರೆ ಏಳುತ್ತದೆ. ಮೇಲ್ತುದಿ ಸ್ಕೇಲಿಟ್ಟು ಎಳೆದಂತೆ ಮಟ್ಟಸ. ಅದೇ ನಯಾಗರಾ ಎಸ್ಕಾರ್ಪ್‌ಮೆಂಟ್. ಆಪಲ್‌ಬಿ ಲೈನ್ ಎಂಬ ರಸ್ತೆ ಹಿಮ್ಮುರಿ ತಿರುವುಗಳಲ್ಲಿ ಸುತ್ತಿಕೊಂಡು ಮೇಲೇರುತ್ತದೆ, ಸೈಕಲ್ ಸವಾರರು ಏದುಸಿರು ಬಿಡುತ್ತ ಪಕ್ಕದಲ್ಲಿ ತುಳಿಯುತ್ತಿರುತ್ತಾರೆ. ಎರಡೇ ನಿಮಿಷ, ಏರು ಮುಗಿಯಿತು. ಮೇಲೆ ಹೋದರೆ ಕಾರು ನಿಲ್ಲಿಸುವ ಜಾಗ, ಶೌಚಾಲಯ, ಮಟ್ಟಸವಾದ ಕಾಡು. ರ‍್ಯಾಟಲ್‌ಸ್ನೇಕ್ ಪಾಯಿಂಟ್ ಎಂಬ ಸಂರಕ್ಷಿತ ತಾಣ ಇದು.

ಅಜ್ಜನಿಗೆ ಇಲ್ಲೂ ಸಮಾಧಾನವಿಲ್ಲ. ಕಾರೇ ನೆತ್ತಿಗೆ ಬಂದ ಮೇಲೆ ಹತ್ತುವುದೇನು? ಕಾಡಿನ ನಡುವೆ ಹತ್ತು ನಿಮಿಷ ನಡೆಯುತ್ತಾರೆ. ಮೇಪಲ್ ಎಲೆಗಳು ಕಾಲಡಿ ಹಪ್ಪಳದಂತೆ ಮುರಿಯುತ್ತವೆ. ಆಮೇಲೆ ಮರಗಳು ಒಮ್ಮೆಲೇ ಮುಗಿಯುತ್ತವೆ, ನೆಲವೂ ಮುಗಿಯುತ್ತದೆ. ಮುಂದೆ ಸುಮಾರು 20 ಮೀಟರ್ ನೇರ ಬಂಡೆ, ಅದರ ಕೆಳಗೆ ಇಳಿಜಾರಿನ ಕಾಡು, ಮತ್ತೂ ಕೆಳಗೆ ಹೊಲಗಳು, ಮಿಲ್ಟನ್‌ನ ಹೊಸ ಬಡಾವಣೆಗಳು. ಆಕಾಶ ತಿಳಿಯಾಗಿದ್ದರೆ ದೂರದಲ್ಲಿ ಒಂಟಾರಿಯೊ ಸರೋವರದ ಬೆಳ್ಳಿ ಗೆರೆ, ಅದರ ದಡದಲ್ಲಿ ಗುಂಡುಸೂಜಿ ಚುಚ್ಚಿದಂತೆ 553 ಮೀಟರಿನ ಸಿಎನ್ ಟವರ್.

ಅಜ್ಜ ಒಂದು ಹೆಜ್ಜೆ ಹಿಂದೆ ಸರಿದು, ಮೊಮ್ಮಗಳ ಕೈ ಗಟ್ಟಿಯಾಗಿ ಹಿಡಿದು, ಸ್ವಲ್ಪ ಹೊತ್ತು ನೋಡಿ ಹೇಳುತ್ತಾರೆ: "ಇದು ಬೆಟ್ಟ ಅಲ್ಲ ಮಾರಾಯ. ಘಟ್ಟ."

ಭೂಗೋಳದ ಪುಸ್ತಕ ಎರಡು ಪುಟದಲ್ಲಿ ಹೇಳುವುದನ್ನು ಅವರು ಒಂದೇ ಮಾತಿನಲ್ಲಿ ಹೇಳಿದರು. ಬೆಟ್ಟಕ್ಕೆ ಎರಡೂ ಕಡೆ ಇಳಿಜಾರು. ಘಟ್ಟಕ್ಕೆ ಒಂದೇ ಕಡೆ. ಶಿವಮೊಗ್ಗದಿಂದ ಆಗುಂಬೆಗೆ ಹೋಗುವವನಿಗೆ ತಾನು ಎತ್ತರದಲ್ಲಿದ್ದೇನೆ ಎಂದು ಅನ್ನಿಸುವುದೇ ಇಲ್ಲ, ಘಾಟಿಯ ಮೊದಲ ತಿರುವಿನಲ್ಲಿ ನೆಲ ಕೆಳಗೆ ಬಿದ್ದಾಗಲೇ ತಿಳಿಯುವುದು. ನಮ್ಮಲ್ಲಿ 'ಘಟ್ಟದ ಮೇಲಿನವರು', 'ಘಟ್ಟದ ಕೆಳಗಿನವರು' ಎಂದು ಜನರನ್ನೇ ವಿಂಗಡಿಸಿದ್ದೇವೆ. ಇಲ್ಲೂ ಹಾಗೇ. ಇದೇ ಬಂಡೆಸಾಲು ಹ್ಯಾಮಿಲ್ಟನ್ ನಗರವನ್ನು ಎರಡಾಗಿ ಸೀಳುತ್ತದೆ. ಅಲ್ಲಿನವರು ಅದನ್ನು 'ಮೌಂಟನ್' ಎಂದೇ ಕರೆಯುತ್ತಾರೆ, ಮನೆ ಎಲ್ಲಿ ಎಂದರೆ 'ಮೌಂಟನ್ ಮೇಲೆ' ಎನ್ನುತ್ತಾರೆ. ಮಂಗಳೂರಿನವರೊಬ್ಬರಿಗೆ ಹ್ಯಾಮಿಲ್ಟನ್ ಅರ್ಥವಾಗಲು ಇದಕ್ಕಿಂತ ಹೆಚ್ಚು ವಿವರಣೆ ಬೇಡ.

ತಟ್ಟೆಯ ಅಂಚು

ಎರಡು ಘಟ್ಟಗಳ ಆಕಾರ ಒಂದೇ ಆದರೂ ಹುಟ್ಟು ಬೇರೆ. ಪಶ್ಚಿಮ ಘಟ್ಟ ಖಂಡ ಒಡೆದ ಗಾಯ. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮಿಂದ ಕಿತ್ತುಕೊಂಡು ಹೋದಾಗ ಉಳಿದ ಅಂಚು ಸವೆದು ಸವೆದು ಹಾಗಾಯಿತು. ನಯಾಗರಾ ಘಟ್ಟದಲ್ಲಿ ಅಂಥ ಒಡಕು, ಬಿರುಕು, ಭೂಕಂಪದ ಕಥೆ ಇಲ್ಲ.

ಸುಮಾರು 43 ಕೋಟಿ ವರ್ಷಗಳ ಹಿಂದೆ ಈ ನೆಲ ಭೂಮಧ್ಯರೇಖೆಯ ಹತ್ತಿರವಿತ್ತು. ಈಗಿನ ಮಿಷಿಗನ್ ರಾಜ್ಯ ಇರುವಲ್ಲಿ ನಡು ತಗ್ಗಿದ ಬಾಣಲೆಯಂಥ ಆಳವಿಲ್ಲದ ಬೆಚ್ಚಗಿನ ಸಮುದ್ರ. ಅದರಲ್ಲಿ ಹವಳ, ಚಿಪ್ಪುಜೀವಿ, ಕಡಲ ಲಿಲಿಗಳು ಹುಟ್ಟಿ ಸತ್ತು ತಳದಲ್ಲಿ ಪದರ ಪದರವಾಗಿ ಕೂತವು. ಸುಣ್ಣಕಲ್ಲಾಯಿತು. ಕಾಲಕ್ರಮದಲ್ಲಿ ಅದರೊಳಗೆ ಮೆಗ್ನೀಸಿಯಂ ಸೇರಿ ಇನ್ನೂ ಗಟ್ಟಿಯಾದ ಡೋಲೊಸ್ಟೋನ್ ಆಯಿತು. ಇಡ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಇಡೀ ಪದರಗಳ ರಾಶಿ ಬಾಣಲೆಯ ಆಕಾರದಲ್ಲೇ ಉಳಿಯಿತು. ಮೇಲಿನದು ಸವೆದಂತೆ ಗಟ್ಟಿ ತಟ್ಟೆಯೊಂದರ ಅಂಚು ಮಾತ್ರ ಸುತ್ತಲೂ ಎದ್ದು ನಿಂತಿತು. ನ್ಯೂಯಾರ್ಕ್ ರಾಜ್ಯದಿಂದ ಒಂಟಾರಿಯೊಗೆ ಬಂದು, ಮ್ಯಾನಿಟೌಲಿನ್ ದ್ವೀಪ ದಾಟಿ, ಮಿಷಿಗನ್ ಸುತ್ತಿ ವಿಸ್ಕಾನ್ಸಿನ್‌ಗೆ ಇಳಿಯುವ ಆ ಅಂಚೇ ಇದು. ಒಂಟಾರಿಯೊದೊಳಗೆ ಅದರ ಉದ್ದ 725 ಕಿಲೋಮೀಟರ್.

ಅಂಚಿನ ಹತ್ತಿರ ಮೊಣಕಾಲೂರಿ ಬಂಡೆಯನ್ನು ನೋಡಿ. ದೂರದಿಂದ ಬೂದು ಬಣ್ಣದ ಸಿಮೆಂಟಿನಂತೆ ಕಾಣುವ ಕಲ್ಲು ಹತ್ತಿರದಿಂದ ತೂತುತೂತು, ಹಳೇ ಜೇನುಹುಟ್ಟಿನ ಹಾಗೆ. ಬೆರಳ ತುದಿ ಹೊಗುವಷ್ಟು ಗುಳಿಗಳಲ್ಲಿ ಕೆಲವು ಮಳೆನೀರು ಕರಗಿಸಿದವು, ಕೆಲವು ಹವಳ ಇದ್ದ ಜಾಗ. ಲಾಲ್‌ಬಾಗ್ ಬಂಡೆಯ ನುಣುಪು ಇದಕ್ಕಿಲ್ಲ. ಅದು ಸುಮಾರು 300 ಕೋಟಿ ವರ್ಷದ ಹಿರಿಯ, ಅದರ ಮುಂದೆ ಇದು ಮೊನ್ನೆ ಹುಟ್ಟಿದ ಕೂಸು. ಆದರೆ ಲಾಲ್‌ಬಾಗ್ ಬಂಡೆಯಲ್ಲಿ ಚಿಪ್ಪಿನ ಗುರುತು ಹುಡುಕಿದರೆ ಸಿಗದು, ಆಗಿನ್ನೂ ಚಿಪ್ಪಿರುವ ಜೀವಿಯೇ ಇರಲಿಲ್ಲ.

ಬಂಡೆ ಹೀಗೆ ಕತ್ತರಿಸಿಟ್ಟಂತೆ ನೇರವಾಗಿ ಇರುವುದಕ್ಕೆ ಕಾರಣ ಅದರ ಕೆಳಗಿನ ಪದರ. ಡೋಲೊಸ್ಟೋನಿನ ಅಡಿಯಲ್ಲಿ ಶೇಲ್ ಎಂಬ ಮೆದು ಕಲ್ಲು, ಒತ್ತಿ ಗಟ್ಟಿಯಾದ ಕೆಸರು. ನೀರು, ಮಂಜುಗಡ್ಡೆ ಮೊದಲು ಅದನ್ನು ಕೊರೆಯುತ್ತವೆ. ಆಧಾರ ತಪ್ಪಿದ ಮೇಲಿನ ಗಟ್ಟಿ ಕಲ್ಲು ಒಂದು ದಿನ ದಪ್ಪನೆ ಮುರಿದು ಬೀಳುತ್ತದೆ, ಗೋಡೆ ಮತ್ತೆ ನೇರ. ನಯಾಗರಾ ಜಲಪಾತ ಇದೇ ಬಂಡೆಸಾಲಿನ ಮೇಲಿಂದ ಧುಮುಕುವುದು. ಅಲ್ಲಿ ನೀರಿನ ರಭಸ ಹೆಚ್ಚಾದ್ದರಿಂದ ಕೆಲಸ ಬೇಗ: ಸುಮಾರು 12 ಸಾವಿರ ವರ್ಷಗಳಲ್ಲಿ ಜಲಪಾತ 11 ಕಿಲೋಮೀಟರ್ ಹಿಂದೆ ಸರಿದಿದೆ. ಮಿಲ್ಟನ್‌ನಲ್ಲಿ ಅದೇ ಕೆಲಸ ಸದ್ದಿಲ್ಲದೆ ನಡೆಯುತ್ತಿದೆ. ಗೋಡೆಯ ಬುಡದಲ್ಲಿ ಬಿದ್ದಿರುವ ಕಾರಿನಷ್ಟು, ಮನೆಯಷ್ಟು ದೊಡ್ಡ ಕಲ್ಲುಗಳೇ ಸಾಕ್ಷಿ.

ಇನ್ನೂ ಕೆಳಗಿನ ಪದರ ಜಂಬಿಟ್ಟಿಗೆಯಂಥ ಕೆಂಪು. ಅದನ್ನು ನೋಡಬೇಕಾದರೆ ಕ್ಯಾಲಿಡನ್ ಕಡೆಯ ಚೆಲ್ಟನ್‌ಹ್ಯಾಮ್ ಬ್ಯಾಡ್‌ಲ್ಯಾಂಡ್ಸ್‌ಗೆ ಹೋಗಬೇಕು. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ದನ ಮೇಯಿಸಿ ಹುಲ್ಲು ಬರಿದಾಗಿ, ಮೇಲ್ಮಣ್ಣು ಕೊಚ್ಚಿಹೋಗಿ ಬೆತ್ತಲಾದ ನೆಲ. ಫೋಟೊಗೆ ಚೆಂದ. ರೈತನ ಕಣ್ಣಿನಿಂದ ನೋಡಿದರೆ ಅಷ್ಟು ಚೆಂದ ಕಾಣದು.

ಬಿಳಿ ಪಟ್ಟಿಯ ದಾರಿ

ಮರಗಳ ಮೇಲೆ ಅಂಗೈ ಉದ್ದದ ಬಿಳಿ ಬಣ್ಣದ ಪಟ್ಟಿ ಕಂಡರೆ ನೀವು ಬ್ರೂಸ್ ಟ್ರೇಲ್ ಮೇಲಿದ್ದೀರಿ ಎಂದು ಅರ್ಥ. ಒಂದು ಪಟ್ಟಿ ಇದ್ದರೆ ನೇರ ಹೋಗಿ. ಒಂದರ ಮೇಲೊಂದು ಎರಡು ಪಟ್ಟಿ ಇದ್ದು, ಮೇಲಿನದು ಬಲಕ್ಕೆ ಸರಿದಿದ್ದರೆ ದಾರಿ ಬಲಕ್ಕೆ, ಎಡಕ್ಕೆ ಸರಿದಿದ್ದರೆ ಎಡಕ್ಕೆ. ನೀಲಿ ಪಟ್ಟಿ ಅಡ್ಡದಾರಿಯ ಗುರುತು. ಅಕ್ಷರ ಬಾರದ ಮಗುವಿಗೂ ಐದು ನಿಮಿಷದಲ್ಲಿ ಕಲಿಸಬಹುದಾದ ಭಾಷೆ ಇದು. ನನ್ನ ಅನುಭವದಲ್ಲಿ ಮಕ್ಕಳು ದೊಡ್ಡವರಿಗಿಂತ ಬೇಗ ಕಲಿಯುತ್ತಾರೆ, ಆಮೇಲೆ ಮುಂದೆ ಓಡಿ ಪಟ್ಟಿ ಹುಡುಕುವ ಆಟದಲ್ಲಿ ಸುಸ್ತು ಮರೆಯುತ್ತಾರೆ.

ನಯಾಗರಾ ಬಳಿಯ ಕ್ವೀನ್ಸ್‌ಟನ್‌ನಿಂದ ಉತ್ತರದ ಟೋಬರ್‌ಮೋರಿವರೆಗೆ ಸುಮಾರು 900 ಕಿಲೋಮೀಟರ್ ಹೋಗುವ ಈ ಕಾಲುದಾರಿ ಸರ್ಕಾರ ಮಾಡಿದ್ದಲ್ಲ. ಹ್ಯಾಮಿಲ್ಟನ್ನಿನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ರೇ ಲೋವ್ಸ್ ಎಂಬವರ ತಲೆಯಲ್ಲಿ ಮೊಳೆತದ್ದು. 1960ರಲ್ಲಿ ನಾಲ್ಕು ಜನ ಸೇರಿ ಸಮಿತಿ ಮಾಡಿಕೊಂಡರು. ಅವರಲ್ಲೊಬ್ಬರಾದ ಫಿಲಿಪ್ ಗೊಸ್ಲಿಂಗ್ ಘಟ್ಟದುದ್ದಕ್ಕೂ ಮನೆಮನೆಗೆ ಹೋಗಿ, ರೈತರ ಕದ ತಟ್ಟಿ, ನಿಮ್ಮ ಜಮೀನಿನ ಅಂಚಿನಲ್ಲಿ ಜನ ನಡೆದುಹೋಗಲು ಬಿಡುತ್ತೀರಾ ಎಂದು ಕೇಳಿದರು. ಬಹಳಷ್ಟು ಜನ ಹೂಂ ಎಂದರು. ಹೆಚ್ಚಿನ ಕಡೆ ಕಾಗದವಿಲ್ಲ, ಕೈಕುಲುಕಿದ್ದೇ ಒಪ್ಪಂದ. ಕೆನಡಾಕ್ಕೆ ನೂರು ತುಂಬಿದ 1967ರಲ್ಲಿ ದಾರಿ ಉದ್ಘಾಟನೆಯಾಯಿತು. ಇವತ್ತಿಗೂ ದಾರಿಯ ಕೆಲವು ಭಾಗ ಖಾಸಗಿ ಜಮೀನಿನ ಮೇಲೆ ಹೋಗುತ್ತದೆ, ಯಾರಾದರೂ ಬೇಡ ಎಂದರೆ ಪಟ್ಟಿಗಳನ್ನು ಅಳಿಸಿ ದಾರಿಯನ್ನು ರಸ್ತೆಬದಿಗೆ ತರಬೇಕಾಗುತ್ತದೆ. ಬೇಲಿ ದಾಟುವಲ್ಲಿ ಏಣಿಮೆಟ್ಟಿಲು ಇಟ್ಟಿರುವುದು, ನಾಯಿಗೆ ಹಗ್ಗ ಕಟ್ಟಿ ಎನ್ನುವುದು, ಬೆಂಕಿ ಹಾಕಬೇಡಿ ಎನ್ನುವುದು ಬರೀ ಶಿಸ್ತಿನ ಮಾತಲ್ಲ, ಆ ಹಳೆಯ ಕೈಕುಲುಕಿನ ಮರ್ಯಾದೆ.

ಒಂಬತ್ತು ಕ್ಲಬ್ಬುಗಳು ದಾರಿಯನ್ನು ಹಂಚಿಕೊಂಡು ನೋಡಿಕೊಳ್ಳುತ್ತವೆ. ಬಿದ್ದ ಮರ ಕಡಿಯುವವರು, ಪಟ್ಟಿಗೆ ಬಣ್ಣ ಬಳಿಯುವವರು ಎಲ್ಲ ಸಂಬಳವಿಲ್ಲದ ಸ್ವಯಂಸೇವಕರು.

ಮಣಿಕಟ್ಟಿನಷ್ಟು ದಪ್ಪದ ಮುತ್ತಜ್ಜ

ಈ ಘಟ್ಟದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಕಣಿವೆಯ ನೋಟವಲ್ಲ. ಅಂಚಿನಿಂದ ಸ್ವಲ್ಪ ಕೆಳಗೆ, ಬಂಡೆಯ ಸೀಳಿನಲ್ಲಿ ಸಿಕ್ಕಿಹಾಕಿಕೊಂಡ ಹಾಗೆ ಬೆಳೆದ ಒಂದು ಸೀಡರ್ ಗಿಡ. ಅದನ್ನು ಮರ ಎನ್ನಲು ಬಾಯಿ ಬಾರದು. ಬೇರು ಮೇಲೆ, ಕಾಂಡ ಕೆಳಗೆ, ತುದಿ ಮತ್ತೆ ಮೇಲೆ, ಒದ್ದೆ ಬಟ್ಟೆ ಹಿಂಡಿಟ್ಟಂತೆ ತಿರುಚಿದೆ. ತೊಗಟೆ ಒಂದು ಬದಿಯಲ್ಲಿ ಮಾತ್ರ ಉಳಿದಿದೆ. ಇನ್ನೊಂದು ಬದಿ ಬೂದಿ ಬಣ್ಣದ ಒಣ ಕಟ್ಟಿಗೆ. ಜೀವ ಇರುವುದಕ್ಕೆ ಗುರುತಾಗಿ ತುದಿಯಲ್ಲಿ ಹಿಡಿಯಷ್ಟು ಹಸಿರು.

1980ರ ದಶಕದ ಕೊನೆಯವರೆಗೂ ಇವು ಬೆಳೆಯಲಾರದ ಕುರುಚಲು ಎಂದೇ ಎಲ್ಲರ ಎಣಿಕೆ. ಗ್ವೆಲ್ಫ್ ವಿಶ್ವವಿದ್ಯಾಲಯದ ಡಗ್ ಲಾರ್ಸನ್ ಮತ್ತವರ ತಂಡ ಬಂಡೆಗೋಡೆಗಳ ಗಿಡಗಳನ್ನು ಓದಲು ಮಿಲ್ಟನ್ ಸುತ್ತ ಹಗ್ಗದಲ್ಲಿ ಇಳಿದು, ಕಾಂಡದ ವರ್ಷದುಂಗುರಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿತು. ಎಣಿಕೆ ನೂರು ದಾಟಿತು, ಮುನ್ನೂರು ದಾಟಿತು. ಘಟ್ಟದುದ್ದಕ್ಕೂ ಹುಡುಕಿದಾಗ ಸಾವಿರ ವರ್ಷ ದಾಟಿದ ಮರಗಳೇ ಸಿಕ್ಕವು. ಒಂದು ಉಂಗುರ ಕೂದಲೆಳೆಗಿಂತ ತೆಳು, ವರ್ಷವಿಡೀ ಬೆಳೆದದ್ದು ಅಷ್ಟೇ. ಬೇಲೂರಿನ ದೇವಸ್ಥಾನ ಕಟ್ಟುವ ಹೊತ್ತಿಗೇ ಈ ಗೋಡೆಯಲ್ಲಿ ಮೊಳೆತು ನಿಂತಿದ್ದ ಗಿಡಗಳು ಇಂದಿಗೂ ಇವೆ.

ಅಷ್ಟು ಕಾಲ ಉಳಿದದ್ದು ಬಲದಿಂದಲ್ಲ, ಬಡತನದಿಂದ. ಕಾಡಿನ ನೆಲದಲ್ಲಿದ್ದರೆ ಬೆಂಕಿ ಬರುತ್ತಿತ್ತು, ಜಿಂಕೆ ಮೇಯುತ್ತಿತ್ತು, ಕೊಡಲಿ ಬೀಳುತ್ತಿತ್ತು. ಬೋಳು ಬಂಡೆಯಲ್ಲಿ ಅದ್ಯಾವುದೂ ತಲುಪದು. ಜೊತೆಗೆ ಇವುಗಳ ಕಾಂಡದೊಳಗೆ ಒಂದೊಂದು ಬೇರು ಒಂದೊಂದು ಪಟ್ಟಿಯನ್ನು ಮಾತ್ರ ಸಾಕುತ್ತದೆ. ಕಲ್ಲು ಉದುರಿ ಒಂದು ಬೇರು ಹೋದರೆ ಆ ಪಟ್ಟಿ ಮಾತ್ರ ಸಾಯುತ್ತದೆ, ಉಳಿದದ್ದು ತನ್ನ ಪಾಡಿಗೆ ಬದುಕುತ್ತದೆ.

ಆದ್ದರಿಂದ ಫೋಟೊ ತೆಗೆಸಿಕೊಳ್ಳಲು ಹಿಡಿದು ಬಾಗುವ ಕೊಂಬೆ ಯಾವುದು ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು. ಇಲ್ಲಿ ಬಂಡೆ ಹತ್ತುವವರು ಹಗ್ಗ ಎಲ್ಲಿ ಕಟ್ಟಬೇಕೆಂಬುದರಲ್ಲಿ ಎಚ್ಚರ ವಹಿಸುವುದೂ ಇದಕ್ಕೇ.

ಹಾವಿಲ್ಲದ ಹಾವಿನ ಬೆಟ್ಟ

ಹೆಸರು ಕೇಳಿ ಹೆದರುವವರಿಗೆ: ರ‍್ಯಾಟಲ್‌ಸ್ನೇಕ್ ಪಾಯಿಂಟ್‌ನಲ್ಲಿ ಈಗ ಬುಡಬುಡಿಕೆ ಹಾವಿಲ್ಲ. ಒಂದು ಜಾತಿ ಒಂಟಾರಿಯೊದಿಂದಲೇ ಅಳಿದುಹೋಗಿದೆ, ಉಳಿದ ಮಸಸಾಗ ಎಂಬ ಜಾತಿ ಮುಖ್ಯವಾಗಿ ದೂರದ ಬ್ರೂಸ್ ಪರ್ಯಾಯದ್ವೀಪ, ಜಾರ್ಜಿಯನ್ ಕೊಲ್ಲಿಯ ಕಡೆಗಿದೆ. ಇಲ್ಲಿ ತಲೆಯೆತ್ತಿದರೆ ಕಾಣುವುದು ಟರ್ಕಿ ರಣಹದ್ದು. ಬಿಸಿಲಿಗೆ ಬಂಡೆ ಕಾದು ಗಾಳಿ ಮೇಲೇಳುವಾಗ ರೆಕ್ಕೆ ಬಡಿಯದೆ, ಕೆಲವೊಮ್ಮೆ ನಾವು ನಿಂತ ಮಟ್ಟಕ್ಕಿಂತ ಕೆಳಗೇ ತೇಲಿಹೋಗುತ್ತದೆ. ಹದ್ದಿನ ಬೆನ್ನು ನೋಡುವ ಅವಕಾಶ ಘಟ್ಟದ ಮೇಲಿನವರಿಗೆ ಮಾತ್ರ.

ಕೆರೆಯ ತಳದ ಕಡತ

ಕಾಲಲ್ಲಿ ಕಸುವಿದ್ದವರು ಇಲ್ಲಿಂದ ನಸಗವೇಯ ಕಣಿವೆಗೆ ಇಳಿದು ಎದುರಿನ ದಿಬ್ಬ ಹತ್ತಿ ಕ್ರಾಫರ್ಡ್ ಕೆರೆಗೆ ಹೋಗಬಹುದು. ಒಂದು ಕಡೆಗೆ ಸುಮಾರು 7 ಕಿಲೋಮೀಟರ್. ನಿಜವಾದ 'ಹತ್ತುವುದು' ಇರುವುದು ಇಲ್ಲೇ. ಇಳಿದದ್ದನ್ನೆಲ್ಲ ಮತ್ತೆ ಹತ್ತಬೇಕು ಎಂಬುದು ಘಟ್ಟದ ಲೆಕ್ಕ, ಇದನ್ನು ಮರೆತು ಮಕ್ಕಳನ್ನು ಕರೆದೊಯ್ದವರು ವಾಪಸ್ ಬರುವಾಗ ಹೆಗಲ ಮೇಲೆ ಹೊತ್ತು ಬರುತ್ತಾರೆ.

ಕ್ರಾಫರ್ಡ್ ಕೆರೆ ಸಣ್ಣದು, ಆದರೆ ಆಳ ಸುಮಾರು 24 ಮೀಟರ್. ಅಗಲ ಕಮ್ಮಿ, ಆಳ ಹೆಚ್ಚು ಆದ್ದರಿಂದ ಗಾಳಿಗೆ ಮೇಲಿನ ನೀರಷ್ಟೇ ಕಲಕುತ್ತದೆ, ತಳದ ನೀರು ಅಲ್ಲಾಡುವುದಿಲ್ಲ. ಹಾಗಾಗಿ ಅಲ್ಲಿ ಬಿದ್ದದ್ದು ಬಿದ್ದಲ್ಲೇ ಇರುತ್ತದೆ. ಬೇಸಿಗೆಯಲ್ಲಿ ಸುಣ್ಣದ ಬಿಳಿ ಗೆರೆ, ಉಳಿದ ಕಾಲದಲ್ಲಿ ಎಲೆಕೊಳೆಯ ಕಪ್ಪು ಗೆರೆ. ವರ್ಷಕ್ಕೊಂದು ಜೋಡಿ, ತಾರೀಖು ಹಾಕಿಟ್ಟ ಕಡತದಂತೆ. 1970ರ ದಶಕದಲ್ಲಿ ಈ ಕೆಸರಿನಲ್ಲಿ ಮೆಕ್ಕೆಜೋಳದ ಪರಾಗ ಸಿಕ್ಕಿತು. ಜೋಳ ತಾನಾಗಿ ಕಾಡಿನಲ್ಲಿ ಬೆಳೆಯುವ ಗಿಡವಲ್ಲ. ಬೆಳೆದವರು ಹತ್ತಿರದಲ್ಲೇ ಇದ್ದಿರಬೇಕೆಂದು ಸುತ್ತ ಹುಡುಕಿದಾಗ ಯುರೋಪಿಯನ್ನರು ಬರುವ ಮೊದಲಿನ ಮೂಲನಿವಾಸಿಗಳ ಊರೇ ಮಣ್ಣಡಿಯಲ್ಲಿ ಸಿಕ್ಕಿತು. ಅವರ ಉದ್ದಮನೆಗಳನ್ನು ಅದೇ ಜಾಗದಲ್ಲಿ ಮತ್ತೆ ಕಟ್ಟಿ ತೋರಿಸುತ್ತಾರೆ.

ಮೇಲಿನ ಗೆರೆಗಳಲ್ಲಿ ಬೇರೆ ಕಥೆಯಿದೆ. 1950ರ ದಶಕದ ಅಣುಬಾಂಬ್ ಪರೀಕ್ಷೆಗಳ ಪ್ಲುಟೋನಿಯಂ, ಕಲ್ಲಿದ್ದಲು ಸುಟ್ಟ ಮಸಿ. ಮನುಷ್ಯನ ಕೈವಾಡದಿಂದ ಹೊಸ ಭೂಯುಗ ಶುರುವಾಗಿದೆ ಎಂದು ವಾದಿಸುವ ವಿಜ್ಞಾನಿಗಳ ಗುಂಪು 2023ರಲ್ಲಿ ಆ ಯುಗದ ಗುರುತಿನ ಜಾಗವಾಗಿ ಆರಿಸಿದ್ದು ಈ ಕೆರೆಯನ್ನೇ. ಮರುವರ್ಷ ಹಿರಿಯ ಸಮಿತಿ ಮತ ಹಾಕಿ ಪ್ರಸ್ತಾವ ತಳ್ಳಿಹಾಕಿತು. ಕೆರೆ ತನ್ನ ಪಾಡಿಗೆ ಗೆರೆ ಎಳೆಯುತ್ತಲೇ ಇದೆ.

ಘಟ್ಟವೇ ರಸ್ತೆಯಾಗಿ

401 ಹೆದ್ದಾರಿಯಲ್ಲಿ ಮಿಲ್ಟನ್ ದಾಟುವಾಗ ಘಟ್ಟದ ಸಾಲಿನಲ್ಲಿ ಒಂದು ಕಡೆ ಹಲ್ಲು ಬಿದ್ದ ಬಾಯಿಯಂತೆ ಸಂದು ಕಾಣುತ್ತದೆ. ಪ್ರಕೃತಿ ಮಾಡಿದ್ದಲ್ಲ. 1962ರಲ್ಲಿ ಕಲ್ಲು ಕ್ವಾರಿಯ ಲಾರಿಗಳಿಗೆ ದಾರಿ ಮಾಡಲು ಸಿಡಿಸಿದ್ದು, ಡಫರಿನ್ ಗ್ಯಾಪ್ ಎಂದು ಹೆಸರು. ಟೊರೊಂಟೊ ಬೆಳೆಯುತ್ತಿದ್ದ ಕಾಲ. ಕಾಂಕ್ರೀಟಿಗೆ, ಡಾಂಬರು ರಸ್ತೆಯ ಅಡಿಗೆ ಜಲ್ಲಿ ಬೇಕು. ಗಟ್ಟಿ ಡೋಲೊಸ್ಟೋನಿಗಿಂತ ಒಳ್ಳೆಯ ಜಲ್ಲಿ ಹತ್ತಿರದಲ್ಲಿ ಇನ್ನೆಲ್ಲಿದೆ? ಆದರೆ ಹೆದ್ದಾರಿಯಲ್ಲಿ ಓಡಾಡುವ ಸಾವಿರಾರು ಜನರ ಕಣ್ಣಿಗೆ ಆ ಸಂದು ದಿನಾ ಚುಚ್ಚಿತು. ಕೂಗೆದ್ದಿತು. ಸರ್ಕಾರ ಅಧ್ಯಯನ ಮಾಡಿಸಿ, 1973ರಲ್ಲಿ ಘಟ್ಟಕ್ಕೆಂದೇ ಕಾಯ್ದೆ ತಂದಿತು, 1985ರಲ್ಲಿ ಎಲ್ಲಿ ಏನು ಮಾಡಬಹುದು, ಮಾಡಬಾರದು ಎಂಬ ಯೋಜನೆ ಬಂತು. 1990ರಲ್ಲಿ ಯುನೆಸ್ಕೊ ಇದನ್ನು ಜೀವಗೋಳ ಮೀಸಲು ಪ್ರದೇಶವೆಂದು ಗುರುತಿಸಿತು. ನಮ್ಮ ಪಶ್ಚಿಮ ಘಟ್ಟ 2012ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದಾಗ ಎದ್ದ ಚರ್ಚೆ, 2005ರ ಕೊನೆಗೆ ಕುದುರೆಮುಖದ ಗಣಿ ನಿಂತಾಗಿನ ಗಲಾಟೆ ನೆನಪಿರುವವರಿಗೆ ಇದರ ಒಳಸುಳಿ ಬಿಡಿಸಿ ಹೇಳಬೇಕಿಲ್ಲ.

ಕಾಯ್ದೆ ಬಂದರೂ ಕ್ವಾರಿಗಳು ಮುಚ್ಚಲಿಲ್ಲ. ಇದ್ದವು ಇವೆ, ವಿಸ್ತರಣೆಯ ಅರ್ಜಿಗಳೂ ಬರುತ್ತಿರುತ್ತವೆ. ಬೈಯುವುದು ಸುಲಭ, ಆದರೆ ನಾವು ಬಂದ ರಸ್ತೆಯ ಅಡಿಯಲ್ಲಿರುವುದೂ ಇಂಥ ಜಲ್ಲಿಯೇ. ನೋಟ ನೋಡಲು ನಿಂತವನ ಮನೆಯ ತಳಪಾಯದಲ್ಲೂ ಘಟ್ಟದ ಒಂದು ಚೂರು ಇದ್ದೀತು.

ಹೊರಡುವ ಮುನ್ನ

ಕುಮಾರ ಪರ್ವತಕ್ಕೆ ಈಗ ಆನ್‌ಲೈನ್ ಬುಕಿಂಗ್ ಬಂದಿರುವಂತೆ ಇಲ್ಲಿಯ ಜನಪ್ರಿಯ ತಾಣಗಳಿಗೂ ಮೊದಲೇ ಹೊತ್ತು ಕಾದಿರಿಸಬೇಕು. ಎಲೆ ಕೆಂಪಾಗುವ ವಾರಗಳಲ್ಲಂತೂ ಜಾಗ ಬೇಗ ತುಂಬುತ್ತದೆ. ಶನಿವಾರ ಮಧ್ಯಾಹ್ನ 'ಸುಮ್ಮನೆ ಹೋಗಿ ನೋಡೋಣ' ಎಂದು ಹೊರಟು, ಒಂದು ಪಾರ್ಕಿನ ಗೇಟಿನಿಂದಲೇ ತಿರುಗಿ ಬಂದು, ಚಿತ್ರಾನ್ನವನ್ನು ಕಾಫಿ ಅಂಗಡಿಯ ಪಾರ್ಕಿಂಗಿನಲ್ಲಿ ತಿಂದವನು ನಾನು.

ಚಪ್ಪಲಿ, ನುಣುಪು ಅಡಿಯ ಸ್ನೀಕರ್ ಬೇಡ. ಒಣಗಿದ್ದಾಗ ಹಿಡಿಯುವ ಈ ಕಲ್ಲು ಮಳೆ ಬಿದ್ದ ಮೇಲೆ ಸೋಪಿನಂತೆ ಜಾರುತ್ತದೆ, ಅದರ ಮೇಲೆ ಒದ್ದೆ ಎಲೆ ಇದ್ದರೆ ಮುಗಿಯಿತು. ಅಂಚಿನ ಹತ್ತಿರ ಬಂಡೆಯಲ್ಲಿ ಆಳದ ಬಿರುಕುಗಳಿವೆ, ಎಲೆ ಮುಚ್ಚಿ ಕಾಣುವುದಿಲ್ಲ. ಚಳಿಗಾಲದಲ್ಲಿ ಬೂಟಿಗೆ ಹಾಕುವ ಮುಳ್ಳುಪಟ್ಟಿ ಬೇಕು. ಬೇಸಿಗೆಯಲ್ಲಿ ಹುಲ್ಲಿಗೆ ಕಾಲು ಸೋಕಿಸಿದರೆ ಉಣ್ಣೆ ಹತ್ತಬಹುದು, ಕೆಲವು ಉಣ್ಣೆಗಳಿಂದ ಲೈಮ್ ಕಾಯಿಲೆ ಬರುತ್ತದೆ, ಮನೆಗೆ ಬಂದು ಮೈ ನೋಡಿಕೊಳ್ಳಿ. ಮತ್ತೊಂದು, ಮೂರೆಲೆಯ ಪಾಯ್ಸನ್ ಐವಿ. ಬಿಲ್ವಪತ್ರೆ ಕಂಡ ಭಕ್ತಿಯಲ್ಲಿ ಮುಟ್ಟಲು ಹೋದೀರಿ, ವಾರಗಟ್ಟಲೆ ಕೆರೆದುಕೊಳ್ಳಬೇಕಾದೀತು.

ಬೆನ್ನ ಹಿಂದೆ ಮುಳುಗುವ ಸೂರ್ಯ

ಮಧ್ಯಾಹ್ನ ಮೂರರ ಹೊತ್ತಿಗೆ ಡಬ್ಬಿ ಖಾಲಿ. ಫ್ಲಾಸ್ಕಿನಲ್ಲಿ ಉಳಿದ ಅರ್ಧ ಲೋಟ ಕಾಫಿಯನ್ನು ಅಜ್ಜ ಬಂಡೆಯ ಮೇಲೆ ಕೂತು ಕುಡಿಯುತ್ತಿದ್ದಾರೆ. ಹೊತ್ತು ಇಳಿದಂತೆ ಘಟ್ಟದ ನೆರಳು ಕೆಳಗಿನ ಹೊಲಗಳ ಮೇಲೆ ಹರಡಿಕೊಳ್ಳುತ್ತದೆ.

"ಆಗುಂಬೆಯಲ್ಲಿ ಸೂರ್ಯ ಎದುರಿಗೆ ಮುಳುಗ್ತಾನೆ. ಇಲ್ಲೆಂಥದು, ಬೆನ್ನ ಹಿಂದೆ?"

ಸರಿಯಾದ ಪ್ರಶ್ನೆ. ನಮ್ಮ ಘಟ್ಟ ಪಶ್ಚಿಮಕ್ಕೆ ಮುಖ ಮಾಡಿ ನಿಂತಿದೆ, ಇದು ಇಲ್ಲಿ ಪೂರ್ವಕ್ಕೆ. ಬಾಣಲೆಯ ನಡು ಮಿಷಿಗನ್‌ನಲ್ಲಿರುವುದರಿಂದ ಅದರ ಪೂರ್ವದಂಚಿನಲ್ಲಿರುವ ಒಂಟಾರಿಯೊಗೆ ಇದೇ ಮುಖ. ಹಾಗಂತ ಮುಳುಗುವ ಸೂರ್ಯನನ್ನು ನೋಡುವ ಜಾಗವೇ ಇಲ್ಲವೆಂದಲ್ಲ. ಉತ್ತರಕ್ಕೆ ಎರಡು ಗಂಟೆ ದೂರದಲ್ಲಿ ಬೀವರ್ ನದಿ ಘಟ್ಟವನ್ನು ಒಳಗೊಳಗೇ ಕೊರೆದು ಅಗಲವಾದ ಕಣಿವೆ ಮಾಡಿದೆ. ಕಣಿವೆಗೆ ಎರಡು ಗೋಡೆ, ಅದರಲ್ಲಿ ಪೂರ್ವದ ಗೋಡೆ ಪಶ್ಚಿಮಕ್ಕೆ ನೋಡುತ್ತದೆ. ಅಲ್ಲಿ ಕಿಂಬರ್ಲಿ ಎಂಬ ಪುಟ್ಟ ಊರಿನ ನೆತ್ತಿಯ ಮೇಲೆ ಓಲ್ಡ್ ಬಾಲ್ಡಿ ಎಂಬ ಬೋಳು ಬಂಡೆ, ಕಣಿವೆಯ ತಳದಿಂದ ಸುಮಾರು 150 ಮೀಟರ್ ಎತ್ತರ. ಕಣಿವೆ ಉದ್ದಕ್ಕೂ ಹೋಗಿ ಜಾರ್ಜಿಯನ್ ಕೊಲ್ಲಿಗೆ ಸೇರುತ್ತದೆ. ಕೊಲ್ಲಿಯ ಹತ್ತಿರ ಸೇಬಿನ ತೋಟಗಳಿವೆ, ಅಕ್ಟೋಬರಿನಲ್ಲಿ ರಸ್ತೆಬದಿಯ ಅಂಗಡಿಗಳಲ್ಲಿ ಬುಟ್ಟಿಗಟ್ಟಲೆ ಸೇಬು.

ಮಗ ಫೋನಿನಲ್ಲಿ ನಕ್ಷೆ ತೆಗೆದು ತೋರಿಸುತ್ತಾನೆ. ಅಜ್ಜ ಕನ್ನಡಕ ಮೂಗಿನ ತುದಿಗೆ ಸರಿಸಿ ನೋಡುತ್ತಾರೆ, ಬೆರಳಿನಿಂದ ಕಣಿವೆಯ ಎರಡೂ ಬದಿ ಸವರುತ್ತಾರೆ.

"ಮುಂದಿನ ಶನಿವಾರ ಮಳೆ ಉಂಟಾ ನೋಡು. ಡಬ್ಬಿಗೆ ಈ ಸಲ ಪುಳಿಯೋಗರೆ ಆಗ್ಲಿ."